ಎರಡನೆಯವನಾಗಿಯೇ ಉಳಿದ ದೊರೆ

೧೦ ಫೆಬ್ರವರಿ ೧೯೫೭, ಭಾನುವಾರ

ನನ್ನ ಬಾಯಿಂದಲೇ ಇವತ್ತು ಮಗಳ ಸಂಬಂಧ ಕೆಡುತ್ತಿತ್ತು. ಚೆಲುವಾಂಬೆಯನ್ನು ನೋಡಲು ಧಾರವಾಡದವರು ಬಂದಿದ್ದರು.

"ನಾಡು ಒಂದಾದ ಮ್ಯಾಲೂ ಮೈಸೂರು ಅಂತನ ಯಾಕ್ರಿ ಹೆಸರು?" ಹುಡುಗನ ತಂದೆ ಕೆಣಕಿದರು.

ಚರಿತ್ರೆಯ ಮೇಷ್ಟ್ರು ನಾನು, ಸುಮ್ಮನಿರುತ್ತೇನೆಯೇ? "ಎರಡನೆಯ ವಿಕ್ಟರ್ ಇಮ್ಯಾನುಯೆಲ್ ಒಂದಾದ ಇಟಲಿಗೆ ಮೊದಲ ದೊರೆ. ಆದರೂ ತನ್ನ ಹಳೆಯ ಸಣ್ಣ ರಾಜ್ಯದ ಲೆಕ್ಕದ 'ಎರಡನೆಯ' ಬಿಡಲಿಲ್ಲ ಕಣ್ರೀ!"

"ಇರ್ಲಿ. ಲಗ್ನದಾಗ ಹುಡುಗಿ ಹೆಸರು ಬದಲ ಮಾಡೋದು ನಮ್ಮ ಪದ್ಧತಿರಿ," ಎಂದರು. ನಾನು ಒಪ್ಪಿ ತಲೆಯಾಡಿಸಿಬಿಟ್ಟೆ.

ಕಾಫಿ ತಂದ ಚೆಲುವಾಂಬೆ, "ಇಡೀ ಇಟಲಿ ಸಿಕ್ಕಿದ್ರೂ ಆ ರಾಜ ಹಳೇ ಹೆಸರು ಬಿಡ್ಲಿಲ್ವಲ್ಲಪ್ಪ. ನಂಗೆ ಸಿಗೋದು ಧಾರವಾಡದಲ್ಲಿ ಒಂದು ಮನೆ!" ಎಂದಳು.

ಹುಡುಗನೇ ಮೊದಲು ನಕ್ಕ. "ಚೆಲುವಾಂಬೆ ಅಂತನ ಇರ್ಲಿ ಬಿಡ್ರಿ, ಅಪ್ಪಾ."

ಮದುವೆ ನಿಶ್ಚಯವಾಯಿತು. ಇಪ್ಪತ್ತು ವರ್ಷ ಹೇಳಿದ ಪಾಠ ಕೊನೆಗೂ ತಲೆಗೆ ಹತ್ತಿದ್ದು ಅಡುಗೆಮನೆಯಲ್ಲಿದ್ದ ಮಗಳಿಗೆ. ಇಟಲಿಯ ಆ ಮೀಸೆದೊರೆಗೂ ಒಂದು ಲಗ್ನಪತ್ರಿಕೆ ಕಳಿಸಬೇಕು, ವಿಳಾಸ ಮಾತ್ರ...