ಎಪ್ಪತ್ತೆರಡು ಉತ್ತರ ಪತ್ರಿಕೆಗಳಲ್ಲಿ ಒಬ್ಬಳೇ ತಂಗಿ

ಜನವರಿ ೧೦, ಭಾನುವಾರ ಮಧ್ಯಾಹ್ನ

ಪ್ರೀತಿಯ ಪಿಟೀಲಿಗೆ,

ಅಕ್ಕನ ಮನಸಾರೆ ಆಶೀರ್ವಾದ. ನಲವತ್ತೈದು ದಾಟಿದ ಹೆಂಗಸನ್ನು ಇನ್ನೂ ಹೀಗೆ ಕರೆಯುತ್ತಾಳೆ ಎಂದು ಮುಖ ಊದಿಸಿಕೊಳ್ಳಬೇಡ. ತೊಟ್ಟಿಲಲ್ಲಿ ಮಲಗಿ ಸಣ್ಣ ದನಿಯಲ್ಲಿ ಬಿಡದೆ ರಾಗ ಎಳೆಯುತ್ತಿದ್ದವಳು ನೀನು, ಹೆಸರಿಟ್ಟವರು ಅಪ್ಪ. ಕರೆಯುವ ಕೆಲಸ ಮಾತ್ರ ನನ್ನದು.

ನಿನ್ನ ಕಾಗದ ಬಂದು ಇವತ್ತಿಗೆ ಮೂರು ವಾರ. ತಡವಾಯಿತು, ಕ್ಷಮಿಸು. ಕಾಲೇಜಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ನಡೆಯಿತು, ನಿನ್ನ ಭಾವನಿಗೆ ಬಸ್ಸಿನ ಡ್ಯೂಟಿ ಬದಲಾಯಿತು, ನನಗೆ ಹಲ್ಲುನೋವು ಬಂತು. ಇವೆಲ್ಲ ನಿಜವೇ, ಆದರೆ ಮೂರು ವಾರ ಹಿಡಿಯುವಂಥವೇನಲ್ಲ. ನಡುವೆ ಎರಡು ಸಲ ಫೋನಿನಲ್ಲಿ ಮಾತಾಡಿದೆವು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ, ಇಬ್ಬರೂ ನಿನ್ನ ಮಗಳ ಹೊಸ ಕನ್ನಡಕದ ಬಗ್ಗೆ ಅರ್ಧ ಗಂಟೆ ಕೊರೆದೆವು. "ಫೋನಲ್ಲಿ ಕೇಳಿದ್ರೆ ನನ್ನ ಮಾತು ಮುಗಿಯೋ ಮುಂಚೆನೇ ನೀನು ಉತ್ತರ ಕೊಡ್ತೀಯ, ಅದಕ್ಕೇ ಬರೀತಿದೀನಿ" ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿ ನಿನ್ನ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಪ್ಪತ್ತೈದು ವರ್ಷದಿಂದ ಅವರು ಹೇಳಲಾಗದೆ ನುಂಗಿಕೊಂಡಿದ್ದ ಮಾತಂತೆ ಅದು.

ನೀನು ಕೇಳಿದ್ದು ಎರಡು. ಹತ್ತನೇ ತರಗತಿಯ ಆರೂ ವಿಷಯಗಳ ನೋಟ್ಸ್ ಕಳಿಸು ಎಂಬುದು ಒಂದು. ಇನ್ನೊಂದು, "ನಂದು ದಡ್ಡ ತಲೆ ಅಂತ ನಿನಗೂ ಗೊತ್ತು. ಈ ವಯಸ್ಸಲ್ಲಿ ಮತ್ತೆ ಪರೀಕ್ಷೆಗೆ ಕೂತ್ರೆ ಆಗುತ್ತಾ ಇಲ್ವಾ, ನಿಜ ಹೇಳು. ನೀನು ಬೇಡ ಅಂದ್ರೆ ಬಿಟ್ಟುಬಿಡ್ತೀನಿ." ಅರ್ಜಿ ತುಂಬಲು ಇಪ್ಪತ್ತನೇ ತಾರೀಕು ಕಡೆಯ ದಿನ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಆರೇಳು ದಿನ ಉಳಿದಿರುತ್ತವೆ. ನೀನು ಕೈ ಹಿಡಿದು ಕಾಲರ್ ಹೊಲಿಯಲು ಕಲಿಸಿದ ಹುಡುಗಿಯರೇ ಹತ್ತನೇ ತರಗತಿ ಪಾಸಾದ ಒಂದೇ ಕಾರಣಕ್ಕೆ ಸೂಪರ್‌ವೈಸರ್ ಆಗಿ, ನಿನ್ನ ಹೊಲಿಗೆಯಲ್ಲೇ ತಪ್ಪು ಹುಡುಕುವುದನ್ನು ಇನ್ನು ಸಹಿಸಲಾರೆ ಎಂದು ಬರೆದಿದ್ದೀಯ. ನನಗೂ ಸಹಿಸಲಾಗುತ್ತಿಲ್ಲ. ಹಾಗಾಗಿ ಮೊದಲನೆಯದಕ್ಕೆ ಉತ್ತರ: ನೋಟ್ಸ್ ನಿನ್ನೆಯೇ ಪಾರ್ಸೆಲ್ ಮಾಡಿದ್ದೇನೆ, ಆರು ಕಟ್ಟು. ಎರಡನೆಯದಕ್ಕೆ ನೀನು ಈ ಕಾಗದವನ್ನು ಪೂರ್ತಿ ಓದಬೇಕು. ನಡುವೆ ಎದ್ದು ಒಲೆ ನೋಡಲು ಹೋಗಬೇಡ.

ನಾನು ಇಲ್ಲಿ ಮಾಡುವ ಕೆಲಸವನ್ನು ನೀನು ಒಮ್ಮೆಯೂ ಕೂತು ನೋಡಿಲ್ಲ. ಕಾಲೇಜಿನ ಎದುರಿಗೆ ಮಸಿಯಣ್ಣನ ಜೆರಾಕ್ಸ್ ಅಂಗಡಿ ಇದೆ. ಅವನ ಬೆರಳುಗಳು ಹುಟ್ಟುವಾಗಲೇ ಕಪ್ಪಗಿದ್ದವೇನೋ ಎನ್ನುವ ಹಾಗಿರುವುದರಿಂದ ಆ ಹೆಸರು. ಅಂಗಡಿಯ ಒಳಗೆ, ಕಾಗದದ ಕಟ್ಟುಗಳ ಹಿಂದೆ, ಕಿಟಕಿಯ ಪಕ್ಕ ನನ್ನ ಮೇಜು. ಡಿಗ್ರಿಯಲ್ಲಿ ನಾನು ಓದಿದ್ದು ಇತಿಹಾಸ ಒಂದೇ. ಈಗ ಬರೆಯುವುದು ಇತಿಹಾಸ, ಅರ್ಥಶಾಸ್ತ್ರ, ಜೀವಶಾಸ್ತ್ರ, ಭೂಗೋಳ, ಭೌತಶಾಸ್ತ್ರ, ಗಣಿತ, ಎಲ್ಲವನ್ನೂ. ಮಕ್ಕಳ ಬಾಯಲ್ಲಿ ನಾನು 'ನೋಟ್ಸ್ ಅಕ್ಕ'. ಅಚ್ಚು ಹಾಕಿದ ಗೈಡುಗಳು ಅಂಗಡಿಯಲ್ಲೇ ಇವೆ, ಆದರೂ ಅವರಿಗೆ ನನ್ನ ಕೈಬರಹವೇ ಬೇಕು. ಹೆಮ್ಮೆ ಪಡುತ್ತಿದ್ದೇನೆ ಎಂದುಕೋ, ಪಡುತ್ತಿದ್ದೇನೆ.

ಬರೆಯುವುದಕ್ಕೂ ಒಂದು ಕ್ರಮ ಇದೆ. ಕಪ್ಪು ಇಂಕೇ ಆಗಬೇಕು, ನೀಲಿ ನಕಲಿನಲ್ಲಿ ಮಂಕಾಗುತ್ತದೆ. ಎಡಗಡೆ ಎರಡು ಬೆರಳು ಜಾಗ ಬಿಡಬೇಕು, ಇಲ್ಲದಿದ್ದರೆ ಮಸಿಯಣ್ಣ ಬೈಂಡ್ ಮಾಡುವಾಗ ಅಕ್ಷರಗಳನ್ನೂ ಸೇರಿಸಿ ತೂತು ಹೊಡೆಯುತ್ತಾನೆ. ಪಾಠವನ್ನು ಮೂರು ಸಲ ಓದಿ, ಪುಸ್ತಕ ಮುಚ್ಚಿ, ಮನೆಗೆ ಬಂದು ನಿನ್ನ ಭಾವನಿಗೆ ಹೇಳುತ್ತೇನೆ. ಅವರು ತರಕಾರಿ ಹೆಚ್ಚುತ್ತಾ ಕೇಳುತ್ತಾರೆ. ಅರ್ಥವಾಗದಿದ್ದರೆ ಚಾಕು ನಿಲ್ಲುತ್ತದೆ. ಜಡತ್ವದ ಪಾಠ ಹೇಳಿದ ದಿನ, "ಇಷ್ಟೇನಾ? ನಾನು ಬ್ರೇಕ್ ಹಾಕಿದಾಗ ನಿಂತಿರೋರೆಲ್ಲ ಮುಂದಕ್ಕೆ ಬಂದು ನನಗೇ ಬೈತಾರಲ್ಲ, ಅದೇ ತಾನೆ?" ಎಂದರು. ಆ ವಾಕ್ಯವನ್ನು ಹಾಗೆಯೇ ನೋಟ್ಸಿನಲ್ಲಿ ಹಾಕಿದೆ. ಬೈಯುವುದನ್ನು ಮಾತ್ರ ತೆಗೆದೆ.

ಹೀಗೆ ಮನೆಯ ಉದಾಹರಣೆಗಳನ್ನು ಹಾಕುವ ಚಟವೇ ನನ್ನನ್ನು ಹೋದ ತಿಂಗಳು ಪೇಚಿಗೆ ಸಿಕ್ಕಿಸಿತು. ಅದರಲ್ಲಿ ನಿನ್ನ ಪಾಲೂ ಇದೆ, ಕೇಳು.

ಜೀವಶಾಸ್ತ್ರ ಕಲಿಸುವ ಮೇಡಂ ಉತ್ತರ ಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ಅಂಗಡಿಗೆ ಬಂದರು. ಮುಖ ಬಿಗಿದುಕೊಂಡಿತ್ತು. "ನೋಟ್ಸ್ ಬರೆಯೋರು ಯಾರು?" ಎಂದರು. ಮಸಿಯಣ್ಣ ನನ್ನ ಕಡೆ ಬೆರಳು ತೋರಿಸಿ ಯಂತ್ರದ ಹಿಂದೆ ಬಗ್ಗಿ ಕೂತ. ಅವನ ಧೈರ್ಯ ಅಷ್ಟು.

"ನೋಡಿ ಇಲ್ಲಿ," ಎಂದು ಮೇಡಂ ಒಂದೊಂದೇ ಪತ್ರಿಕೆ ತೆಗೆದು ಓದತೊಡಗಿದರು. "ಸಸ್ಯಕೋಶದೊಳಗೆ ನೀರು ಹೇಗೆ ಹೋಗುತ್ತೆ ಅಂತ ಪ್ರಶ್ನೆ. ಈ ಹುಡುಗ ಬರೆದಿದ್ದಾನೆ, ನನ್ನ ತಂಗಿ ಆರು ವರ್ಷದವಳಿದ್ದಾಗ ಒಣದ್ರಾಕ್ಷಿಯನ್ನು ನೀರಿನ ಲೋಟದಲ್ಲಿ ಹಾಕಿ ಶಾಲೆಗೆ ಹೋದಳು. ಸಂಜೆ ಬಂದು ನೋಡಿ, ಅಕ್ಕಾ, ಇವು ನೀರು ಕುಡಿದಿವೆ, ಆದರೆ ಬಾಯಿ ಎಲ್ಲಿದೆ ಎಂದು ಕೇಳಿದಳು. ಹುಡುಗನಿಗೆ ಅಕ್ಕಾ ಅಂತಾಳಂತೆ! ಈ ಇನ್ನೊಂದು ಪತ್ರಿಕೆ ನೋಡಿ, ಇವಳು ಒಬ್ಬಳೇ ಮಗಳು, ನನಗೆ ಗೊತ್ತು, ಇವಳಿಗೂ ತಂಗಿ ಇದ್ದಾಳೆ. ಎಪ್ಪತ್ತೆರಡು ಪತ್ರಿಕೆ, ಎಪ್ಪತ್ತೆರಡರಲ್ಲೂ ಒಬ್ಬಳೇ ತಂಗಿ! ಸಾಮೂಹಿಕ ನಕಲು ಅಂತ ನಾನು ಪ್ರಿನ್ಸಿಪಾಲರ ಹತ್ತಿರ ಹೋಗೋದರಲ್ಲಿದ್ದೆ."

ನನಗೆ ನಗು ಬಂತು, ಹೆದರಿಕೆಯೂ ಆಯಿತು. ಉದಾಹರಣೆ ಎಂದರೆ ಉದಾಹರಣೆ, ಅದನ್ನೂ ಉರು ಹೊಡೆಯುತ್ತಾರೆ ಎಂದು ಯಾರು ಕನಸು ಕಂಡಿದ್ದರು? ತಪ್ಪು ನನ್ನದೇ ಮೇಡಂ, ಅವಳು ನನ್ನ ತಂಗಿ, ಮಕ್ಕಳ ತಂಗಿಯಲ್ಲ ಎಂದು ಒಪ್ಪಿಕೊಂಡೆ. ಅವರು ಪತ್ರಿಕೆಗಳನ್ನು ಜೋಡಿಸಿಕೊಂಡರು, ಹೊರಟವರು ಬಾಗಿಲಲ್ಲಿ ನಿಂತರು. "ಎಲ್ಲರಿಗೂ ಅಂಕ ಕೊಟ್ಟಿದ್ದೀನಿ. ಉತ್ತರ ಸರಿಯಾಗೇ ಇದೆ. ಬಾಯಿ ಎಲ್ಲಿದೆ ಅಂತ ಕೇಳಿದಳಲ್ಲ, ಪಾಠ ಶುರುವಾಗೋದೇ ಆ ಪ್ರಶ್ನೆಯಿಂದ. ಹದಿನಾರು ವರ್ಷದಿಂದ ಕಲಿಸ್ತಿದ್ದೀನಿ, ಒಂದು ಮಗುವೂ ಕೇಳಿಲ್ಲ. ನಿಮ್ಮ ತಂಗಿ ಈಗ ಏನು ಮಾಡ್ತಿದ್ದಾರೆ? ಕಾಲೇಜಲ್ಲಿ ಕಲಿಸ್ತಾರಾ?"

ಹೊಲಿಗೆ ಕೆಲಸ ಮಾಡುತ್ತಾಳೆ ಎಂದೆ. "ಹೌದಾ?" ಎಂದರು, ಅಷ್ಟೇ. ಆ 'ಹೌದಾ' ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ.

ಅಂದಿನಿಂದ ನನಗೆ ಬುದ್ಧಿ ಬಂದಿದೆ. ಉದಾಹರಣೆಯ ಜಾಗದಲ್ಲಿ ನಾಲ್ಕು ಸಾಲು ಖಾಲಿ ಬಿಟ್ಟು, 'ಇಲ್ಲಿ ನಿಮ್ಮ ಮನೆಯಲ್ಲಿ ಕಂಡದ್ದನ್ನು ಬರೆಯಿರಿ' ಎಂದು ಹಾಕುತ್ತೇನೆ. ಮುಂದಿನ ಕಿರುಪರೀಕ್ಷೆಯಲ್ಲಿ ಇಬ್ಬರು ಆ ಸಾಲನ್ನೂ ಅಚ್ಚುಕಟ್ಟಾಗಿ ಉತ್ತರ ಪತ್ರಿಕೆಗೆ ಇಳಿಸಿ, ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟು ಬಂದಿದ್ದಾರೆ. ತಲೆ ಚಚ್ಚಿಕೊಳ್ಳಲೋ ನಗಲೋ ತಿಳಿಯಲಿಲ್ಲ. ಮಸಿಯಣ್ಣ ಮಾತ್ರ, "ನಕಲು ಅಂದ್ರೆ ಹಾಗಿರಬೇಕು, ನನ್ನ ಮಷೀನೂ ಇಷ್ಟು ನಿಯತ್ತಾಗಿ ಮಾಡಲ್ಲ" ಎಂದು ಆ ಇಬ್ಬರಿಗೂ ಚಹಾ ಕುಡಿಸಿದ.

ಒಟ್ಟಿನಲ್ಲಿ ನಾವು ಸುಖವಾಗಿದ್ದೇವೆ ಮಾರಾಯ್ತಿ. ಭಾನುವಾರಗಳಲ್ಲಿ ನಿನ್ನ ಭಾವ ಮನೆಯ ಕಿಟಕಿಯ ಪಕ್ಕ ಕೂತು ದಿನಪತ್ರಿಕೆ ಓದುತ್ತಾ ತೂಕಡಿಸುತ್ತಾರೆ, ಈಗಲೂ ಅದೇ ನಡೆದಿದೆ. ಪಾಸಾದ ಮಕ್ಕಳು ಅಂಗಡಿಗೆ ಬಂದು ಅಂಕಪಟ್ಟಿ ತೋರಿಸಿ ಹೋಗುತ್ತಾರೆ, ಕೆಲವರು ಅದರದ್ದೇ ಜೆರಾಕ್ಸ್ ಮಾಡಿಸಿಕೊಂಡು ಒಂದು ಪ್ರತಿ ನನಗೂ ಕೊಡುತ್ತಾರೆ. ಒಬ್ಬಳು ನರ್ಸ್ ಆಗಿದ್ದಾಳೆ, ಮೊನ್ನೆ ಹಲ್ಲು ಕೀಳಿಸಲು ಹೋದಾಗ ನನ್ನನ್ನು ಸಾಲಿನಿಂದ ಎತ್ತಿ ಒಳಗೆ ಕರೆದೊಯ್ದಳು. ಇದಕ್ಕಿಂತ ಹೆಚ್ಚು ನನಗೇನು ಬೇಕು?

ಬೇಕು, ಒಂದು ಬೇಕು. ನೀನು ಪರೀಕ್ಷೆಗೆ ಕೂರುವುದು ಬೇಕು. ಅಂಗಿಯ ಹದಿನಾರು ತುಂಡುಗಳನ್ನು ನೋಡಿ ಯಾವುದು ಯಾವುದಕ್ಕೆ ಸೇರುತ್ತದೆ ಎಂದು ಕಣ್ಣಲ್ಲೇ ಹೇಳುವವಳಿಗೆ ರೇಖಾಗಣಿತ ಕಷ್ಟವಾಗುವುದಿಲ್ಲ. ದಿನಕ್ಕೆ ಒಂದು ಗಂಟೆ ಸಾಕು. ಓದಿದ್ದನ್ನು ಮಗಳಿಗೆ ಹೇಳು, ಅವಳು ಹುಬ್ಬು ಗಂಟಿಕ್ಕಿದರೆ ಇನ್ನೊಮ್ಮೆ ಓದು. ಅರ್ಥವಾಗದಿದ್ದರೆ ಗುರುತು ಹಾಕಿಡು, ಭಾನುವಾರ ಫೋನ್ ಮಾಡು. ನಿನ್ನ ಮಾತು ಮುಗಿಯುವವರೆಗೂ ನಾನು ಬಾಯಿ ತೆರೆಯುವುದಿಲ್ಲ, ಭಾವನ ಮೇಲಾಣೆ. ಅವರು ನಿದ್ದೆಯಲ್ಲಿರುವುದರಿಂದ ಆಣೆಗೆ ತಕರಾರಿಲ್ಲ.

ನಿನ್ನ ಕಣ್ಣು ಚುರುಕಾಗಿರಲಿ, ಕೈ ನಡುಗದಿರಲಿ, ಬರೆದದ್ದೆಲ್ಲ ಸರಿಯಾಗಲಿ. ಮಗಳಿಗೆ ಮುತ್ತು, ನಿನ್ನ ಯಜಮಾನರಿಗೆ ನಮ್ಮಿಬ್ಬರ ನಮಸ್ಕಾರ.

ಎಂದೆಂದಿಗೂ ನಿನ್ನ,
ಅಕ್ಕ

ಮರೆತಿದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ.

ನೀನು ಹತ್ತನೇ ತರಗತಿಯಲ್ಲಿದ್ದಾಗಲೂ ನಿನಗೆ ಆರೂ ವಿಷಯದ ನೋಟ್ಸ್ ಬರೆದುಕೊಟ್ಟವಳು ನಾನೇ. ಗಣಿತದಲ್ಲಿ ತ್ರಿಕೋನಮಿತಿಯ ಪಾಠ ಇರಲಿಲ್ಲ. "ಅಕ್ಕಾ, ಇದು ಎಲ್ಲಿ?" ಎಂದು ನೀನು ಕೇಳಿದೆ. "ಅದು ಈ ಸಲ ಬರಲ್ಲ, ಬಿಡು" ಎಂದೆ. ಬರುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಪಾಠ ನನಗೇ ಅರ್ಥವಾಗಿರಲಿಲ್ಲ, ಅದಕ್ಕೂ ಎರಡು ವರ್ಷ ಮುಂಚೆ ನಾನು ಬಾಯಿಪಾಠ ಮಾಡಿ ದಾಟಿದ್ದೆ. ಜಾಣೆ ಅಕ್ಕ ಎಂಬ ಹೆಸರು ಹೋಗುತ್ತದಲ್ಲ ಎಂದು ಹಾಗೆ ಹೇಳಿದೆ. ನೀನು ನಂಬಿದೆ.

ಆ ಪಾಠದಿಂದ ಹನ್ನೆರಡು ಅಂಕಕ್ಕೆ ಕೇಳಿದ್ದರು. ನೀನು ಫೇಲಾಗಿದ್ದು ಏಳು ಅಂಕಕ್ಕೆ. "ಇವಳ ತಲೆಗೆ ಓದು ಹತ್ತಲ್ಲ, ಹೊಲಿಗೆ ಕಲೀಲಿ" ಎಂದು ಅಪ್ಪ ಅಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ತುಟಿ ಬಿಚ್ಚಲಿಲ್ಲ. ಅಂದಿನಿಂದ ನಿನ್ನನ್ನು ನೀನು ದಡ್ಡಿ ಎಂದು ಕರೆದುಕೊಂಡಾಗಲೆಲ್ಲ ನಾನು ಮಾತು ಬದಲಿಸಿದ್ದೇನೆ. ಊರ ಮಕ್ಕಳಿಗೆ ಒಂದು ಪಾಠವನ್ನೂ ಬಿಡದೆ ಬರೆಯುತ್ತೇನಲ್ಲ, ಜನ ಅದನ್ನು ಶ್ರದ್ಧೆ ಎನ್ನುತ್ತಾರೆ. ಶ್ರದ್ಧೆಯಲ್ಲ ಕಣೇ, ಹೆದರಿಕೆ.

ಈ ಮೂರು ವಾರ ಕೂತು ಆ ಪಾಠವನ್ನು ನಿನಗೆಂದೇ ಬರೆದೆ. ಗಣಿತದ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲಿದೆ, ಹದಿನೆಂಟು ಹಾಳೆ. ಅದರ ನಕಲು ಯಾರಿಗೂ ಕೊಟ್ಟಿಲ್ಲ.

ನೀನು ದಡ್ಡಿಯಾಗಿರಲಿಲ್ಲ. ನನಗೆ ಬೈಯಬೇಕು ಎನಿಸಿದರೆ ಬೈ, ಮಾತು ಬಿಡಬೇಕು ಎನಿಸಿದರೆ ಬಿಡು, ಎರಡಕ್ಕೂ ನಿನಗೆ ಹಕ್ಕಿದೆ. ಮೊದಲು ಹೋಗಿ ಅರ್ಜಿ ತುಂಬಿ ಬಾ.