ಎರಡು ಟಿಕೆಟ್, ಹೋಗಲಿಕ್ಕೆ ಮಾತ್ರ

ಅಲ್ ಖುವೈರ್, ಮಸ್ಕತ್
೧೭ ಮಾರ್ಚ್ ೧೯೯೫, ಶುಕ್ರವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸಕ್ಕರೆಯ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳುತ್ತೀಯೋ, ಇಲ್ಲ ನೆನಪಾದಾಗ ನುಂಗುತ್ತೀಯೋ? ತಂಗಿಯನ್ನು ಕೇಳಿದರೆ “ಎಲ್ಲಾ ಸರಿ ಉಂಟು” ಎಂದು ಒಂದೇ ಉಸಿರಿಗೆ ಹೇಳಿ ಫೋನ್ ಇಡುತ್ತಾಳೆ. ಬಿಲ್ಲು ಬರುವುದು ನನಗೆ, ಅವಸರ ವಸಂತಿಗೆ! ಇಲ್ಲಿ ವಾರಿಜಾಕ್ಷಿಯೂ ಮಗುವೂ ಚೆನ್ನಾಗಿದ್ದಾರೆ. ಮಗು ಈಗ ಕವುಚಿ ಬೀಳುತ್ತದೆ, ಮತ್ತೆ ತಿರುಗಲು ಬಾರದೆ ಕಿರುಚುತ್ತದೆ. ಎಣ್ಣೆ ಹಚ್ಚಿ ಮೀಯಿಸುವುದಕ್ಕೆ ನಿನ್ನ ಕೈಯೇ ಆಗಬೇಕು ಎಂದು ನಿನ್ನ ಸೊಸೆ ದಿನಾ ಹೇಳುತ್ತಾಳೆ. ಬಾಣಂತನಕ್ಕೆ ಬಂದು ನೀನು ಇಲ್ಲಿದ್ದಾಗ ಹಾಗೆ ಹೇಳಿದ್ದು ನನಗೆ ನೆನಪಿಲ್ಲ.

ನಾನೂ ಚೆನ್ನಾಗಿದ್ದೇನೆ. ಅಪ್ಪನ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿಸಿ ಬಂದ ಮರುದಿನವೇ ವಾದಿ ಅದಾಯಿಯಲ್ಲಿರುವ ನಮ್ಮ ಬಿಡಿಭಾಗಗಳ ಶೋರೂಮಿಗೆ ಹೋದೆ. ಗಿರಾಕಿಗಳು ಬ್ರೇಕ್ ಪ್ಯಾಡ್ ಕೇಳುತ್ತಾರೆ, ಕೊಡುತ್ತೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಅಳು ಮಾತ್ರ ಬರುವುದಿಲ್ಲ. ಚಿತೆಗೆ ಬೆಂಕಿ ಇಡುವಾಗಲೂ ಬರಲಿಲ್ಲ. ನಮ್ಮ ಕಫೀಲ್, ಶೋರೂಮಿನ ಅರಬಿ ಧಣಿ, ಬಂದು ನನ್ನ ಕೈ ಹಿಡಿದು ಅರಬಿಯಲ್ಲಿ ಏನೇನೋ ಹೇಳಿದ, ಕೊನೆಗೆ ಕಣ್ಣು ಒರೆಸಿಕೊಂಡದ್ದು ಅವನೇ. ನಾನು ಕಲ್ಲಿನ ಹಾಗೆ ನಿಂತಿದ್ದೆ. ನೀನೂ ಅಳುವುದಿಲ್ಲವಂತೆ, ಸುದ್ದಿ ಒಮ್ಮೆಲೇ ತಿಳಿದದ್ದರಿಂದ ಶಾಕ್ ಆಗಿದೆ ಎಂದು ಊರವರು ಹೇಳುತ್ತಾರಂತೆ. ವಸಂತಿ ಬರೆದಿದ್ದಾಳೆ.

ಆ ದಿನದ ಸಂಗತಿಯನ್ನು ನಾನು ನಿನಗೆ ಪೂರ್ತಿ ಹೇಳಿಯೇ ಇಲ್ಲ. ಬೆಳಿಗ್ಗೆ ಊರಿನಿಂದ ಭಾವ ಶೋರೂಮಿಗೆ ಫೋನ್ ಮಾಡಿ, “ಮಾವ ಹೋದ್ರು. ಅತ್ತೆಗೆ ಹೇಳ್ಬೇಡ, ಕಾಲು ಮುರಿದಿದೆ ಅಂತ ಕರ್ಕೊಂಡು ಬಾ. ನಾಳೆ ಮಧ್ಯಾಹ್ನದವರೆಗೆ ಕಾಯ್ತೇವೆ, ಮತ್ತೆ ದೇಹ ಇಡ್ಲಿಕ್ಕೆ ಆಗುದಿಲ್ಲ” ಎಂದರು. ಗಲ್ಫಿಗೆ ಬರುವ ಸಾವಿನ ಸುದ್ದಿಗಳೆಲ್ಲ ಹೀಗೆಯೇ. ಸತ್ತವರಿಗೆ ಕಾಲು ಮುರಿಯುತ್ತದೆ, ಇಲ್ಲವೇ ಸೀರಿಯಸ್ ಆಗುತ್ತದೆ. ನಾನು ಮನೆಗೆ ಫೋನ್ ಮಾಡಿ ನಿಜವನ್ನು ವಾರಿಜಾಕ್ಷಿಗೆ ಹೇಳಿ, ನಿನಗೆ ಮಾತ್ರ “ಅಪ್ಪನ ಕಾಲು ಮುರಿದಿದೆ, ಇವತ್ತೇ ನಿನ್ನನ್ನು ಕಳಿಸುತ್ತೇನೆ” ಎಂದೆ. ನಾನೂ ಬರುತ್ತೇನೆ ಎಂದರೆ ನಿನಗೆ ಸಂಶಯ ಬಂದೀತು ಎಂದು ಅದನ್ನು ಸಂಜೆಗೆ ಬಿಟ್ಟೆ.

ರಂಜಾನ್ ಉಪವಾಸದ ತಿಂಗಳು, ರೂವಿಯ ಟ್ರಾವೆಲ್ಸ್‌ನವರು ಎರಡು ಗಂಟೆಗೆ ಬಾಗಿಲು ಹಾಕುತ್ತಾರೆ. ರಾತ್ರಿಯ ಬೊಂಬಾಯಿ ವಿಮಾನದಲ್ಲಿ ಕೊನೆಯ ಎರಡು ಸೀಟು ಇತ್ತು. ಕೈಯಲ್ಲಿ ಅಷ್ಟು ರಿಯಾಲ್ ಇರಲಿಲ್ಲ, ಬ್ಯಾಂಕಿನವರು ಬಲವಂತವಾಗಿ ಕೊಟ್ಟಿದ್ದ ಕ್ರೆಡಿಟ್ ಕಾರ್ಡ್ ಮುಂದಿಟ್ಟೆ. ದೊಡ್ಡ ಬಿಲ್ಲಾದರೆ ಅಂಗಡಿಯವರು ಬ್ಯಾಂಕಿಗೆ ಫೋನ್ ಮಾಡಿ ಒಂದು ನಂಬರ್ ಕೇಳಬೇಕು. ಆ ನಂಬರ್ ಬಂದರೆ ಮಾತ್ರ ಟಿಕೆಟ್. ಬ್ಯಾಂಕಿನಲ್ಲಿ ಕುಳಿತವರು ಹಳೆಯ ಬಿಲ್ಲುಗಳನ್ನೆಲ್ಲ ಕಂಪ್ಯೂಟರಿನಲ್ಲಿ ತೆಗೆದು, ಈ ಮನುಷ್ಯ ಹೀಗೆ ಖರ್ಚು ಮಾಡುವವನೋ ಎಂದು ನೋಡುತ್ತಾರಂತೆ. ನನ್ನದರಲ್ಲಿ ಏನಿದೆ, ಹಾಲಿನ ಪುಡಿ, ಅಕ್ಕಿ, ಪೆಟ್ರೋಲು. ಇಂಥವನು ಒಮ್ಮೆಲೇ ಎರಡು ಟಿಕೆಟ್, ಅದೂ ಹೋಗಲಿಕ್ಕೆ ಮಾತ್ರ, ಅದೂ ಇವತ್ತೇ! ಕಾರ್ಡ್ ಕದ್ದವನು ದೇಶ ಬಿಟ್ಟು ಓಡುತ್ತಿದ್ದಾನೆ ಎಂದೇ ಅವರ ಲೆಕ್ಕ. ಕೌಂಟರಿನವನು “ಬ್ಯಾಂಕಿನವರು ಚೆಕ್ ಮಾಡ್ತಿದ್ದಾರೆ, ಕೂತ್ಕೊಳ್ಳಿ” ಎಂದ. ಒಳಗೆ ಶಟರ್ ಎಳೆಯುವ ಕೋಲು ಹುಡುಕುತ್ತಿದ್ದರು. ನಂಬರ್ ಬಾರದಿದ್ದರೆ ನೀನು ಅಪ್ಪನ ಮುಖ ನೋಡುವುದಿಲ್ಲ. ಅಷ್ಟು ಗೊತ್ತಿದ್ದೂ ನನಗೆ ಏನೂ ಆಗಲಿಲ್ಲ, ಗೋಡೆಯ ಮೇಲಿನ ವಿಮಾನದ ಚಿತ್ರ ನೋಡುತ್ತಾ ಕುಳಿತಿದ್ದೆ. ಕೊನೆಗೆ ಹೇಗೋ ನಂಬರ್ ಬಂತು.

ಆಮೇಲಿನದು ನಿನಗೆ ಗೊತ್ತೇ ಇದೆ. ವಿಮಾನದಲ್ಲಿ ನೀನು “ಪ್ಲಾಸ್ಟರ್ ಹಾಕಿದ್ದಾರಾ, ಬರೀ ಪಟ್ಟಿಯಾ?” ಎಂದು ಕೇಳಿದೆ. ಪ್ಲಾಸ್ಟರ್ ಎಂದೆ. ಬೊಂಬಾಯಿಯಲ್ಲಿ “ಹೊಟ್ಟೆ ತುಂಬ ತಿನ್ನು ಮಗಾ” ಎಂದು ಇಡ್ಲಿ ತಿನ್ನಿಸಿದೆ. ನಿನಗೆ ಸಂಶಯ ಬಾರದಿರಲಿ ಎಂದು ತಿಂದೆ. ದಾರಿಯುದ್ದಕ್ಕೂ ನಿನ್ನನ್ನು ಕಾಯುವುದೇ ನನ್ನ ಕೆಲಸವಾಗಿತ್ತು, ಅಪ್ಪನನ್ನು ನೆನೆಯಲು ಪುರುಸೊತ್ತೇ ಆಗಲಿಲ್ಲ.

ಬಿಸಿಲಿಗೆ ಹೊರಗೆ ಹೋಗಬೇಡ. ವಸಂತಿಗೆ, ಭಾವನಿಗೆ ನೆನಪು ಹೇಳು. ನಿನ್ನ ಕಾಲು ಮುಟ್ಟಿ ನಮಸ್ಕರಿಸಿದೆ ಎಂದು ತಿಳಿದುಕೋ.

ನಿನ್ನ ಮಗ,
ಪ್ರೇಮನಾಥ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ತಿಳಿದದ್ದು. ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಅಬ್ದುಲ್ಲಾ ಎಂದು ಉಳ್ಳಾಲದವರು, ಬ್ಯಾಂಕಿನ ಕಾರ್ಡ್ ಸೆಕ್ಷನಿನಲ್ಲಿ ಇರುವವರು, ಅಪ್ಪನ ವಿಷಯ ಮಾತಾಡಿಸಿ ಹೋಗಲು ಬಂದಿದ್ದರು. ಆ ದಿನ ನಂಬರ್ ಕೊಡುವ ಮೊದಲು ಅವರು ನಮ್ಮ ಮನೆಗೆ ಫೋನ್ ಮಾಡಿದ್ದರಂತೆ. ವಾರಿಜಾಕ್ಷಿ ನಿನ್ನ ಕಣ್ಣು ತಪ್ಪಿಸಿ ಅಳಲು ಮಗುವನ್ನು ಎತ್ತಿಕೊಂಡು ಪಕ್ಕದ ಹಿಲ್ಡಾ ಅವರ ಮನೆಗೆ ಹೋಗಿದ್ದಳು. ಫೋನ್ ತೆಗೆದದ್ದು ನೀನು!

ಅವರು ತುಳುವಿನಲ್ಲಿಯೇ ಎರಡು ಟಿಕೆಟಿನ ಸಂಗತಿ ಹೇಳಿ, ಕಾರ್ಡ್ ನಿಮ್ಮವರದೇ ಎಂದು ಗೊತ್ತಾಗಲು ಮಗ ಹುಟ್ಟಿದ ತಾರೀಕು ಹೇಳಿ ಎಂದರಂತೆ. ನೀನು ಆಟಿ ಅಮಾವಾಸ್ಯೆ, ಹಾಲೆ ಮರದ ಕಷಾಯ ಕುಡಿದ ದಿನ ಎಂದೆಯಂತೆ. ಆಟಿ ಬರುವುದು ಜುಲೈ-ಆಗಸ್ಟಿನಲ್ಲಿ, ಅವರ ಕಾಗದದಲ್ಲಿ ಇದ್ದದ್ದು ಜೂನ್ ಒಂದು. “ಅದು ಶಾಲೆಯ ಮಾಸ್ಟ್ರು ಬರೆದದ್ದು, ಹೆತ್ತವಳು ನಾನು” ಎಂದು ಜೋರು ಮಾಡಿದೆಯಂತೆ. ತಾಳೆಯಾಗದಿದ್ದರೆ ಕಾರ್ಡ್ ನಿಲ್ಲಿಸಬೇಕಾಗುತ್ತದೆ ಎಂದು ಅವರು ಹೇಳಿದಾಗ ನೀನು, “ನನ್ನ ಗಂಡ ತೀರಿ ಹೋಗಿದ್ದಾರೆ, ಟಿಕೆಟ್ ನಿಲ್ಲಿಸ್ಬೇಡಿ. ನನ್ಗೆ ಯಾರೂ ಹೇಳ್ಲಿಲ್ಲ. ನನ್ನನ್ನು ಮಾತ್ರ ಕಳಿಸ್ತೇನೆ ಅಂದಿದ್ದ. ಬರೀ ಕಾಲು ಮುರಿದದ್ದಾದ್ರೆ ರಜೆ ಸಿಗದ ಮಗ ಹೀಗೆ ತಾನೂ ಹೊರಡುದಿಲ್ಲ” ಎಂದೆಯಂತೆ. ಅಬ್ದುಲ್ಲಾ ಅವರ ಪಾಸ್‌ಪೋರ್ಟಿನಲ್ಲೂ ಜೂನ್ ಒಂದೇ ಇರುವುದಂತೆ. ನಂಬರ್ ಕೊಟ್ಟುಬಿಟ್ಟರು.

ಹಾಗಾದರೆ ಪ್ಲಾಸ್ಟರಿನ ಮಾತೆಲ್ಲ ನನಗಾಗಿ. ಹೆಣ ಇರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಇಡ್ಲಿ ತಿನ್ನಿಸಿದ್ದು.

ಫೋನ್ ಇಡುವ ಮೊದಲು ಅವರಿಗೆ ಹೇಳಿದೆಯಂತಲ್ಲ, “ನಾನು ಫೋನ್ ತೆಗ್ದದ್ದು ಅವನಿಗೆ ಹೇಳ್ಬೇಡಿ. ಅಮ್ಮನ ಹತ್ರ ಅಡಗಿಸುವ ಕೆಲಸ ಒಂದು ಇರ್ಲಿ ಅವನಿಗೆ. ಇಲ್ಲದಿದ್ರೆ ದಾರಿಯಲ್ಲೇ ಕುಸಿದು ಬೀಳ್ತಾನೆ.”

ಅವರು ಹೋದ ಮೇಲೆ ನಾನು ಅತ್ತೆ, ಅಮ್ಮಾ. ತುಂಬ ಹೊತ್ತು ಅತ್ತೆ. ಇನ್ನು ನೀನೂ ಅಳಬಹುದು.