ಜಿನಮತಿ ಆಯಿಯ ಒಪ್ಪತ್ತು

ನವೆಂಬರ್ 6, ಗುರುವಾರ

ಮೊದಲು ಹೇಳಿದವಳು ಅಡುಗೆಯ ದುಂಡವ್ವ. ಇವತ್ತು, ಬಿಸಿಯೂಟದ ಸಾರು ಬಡಿಸುತ್ತ.

"ಅಕ್ಕಾರ, ನಿಮ್ಮ ಶಾಣ್ಯಾ ಹುಡುಗಿ ಸದಲಗಾಕ ಹೋದಾಗಿಂದ ಅವರ ಆಯಿ ಸಂಜೀಕ ಉಂಡೇ ಇಲ್ಲಂತ."

ತ್ರಿಶಲಾಳ ಅಜ್ಜಿ, ಜಿನಮತಿ ಆಯಿ.

ನಮ್ಮ ಆರನೇ ತರಗತಿಗೆ ಕೋಣೆ ಒಂದೇ. ದಸರೆಯ ನಂತರ ತೋಟದ ವಸ್ತಿಯ ಮಕ್ಕಳನ್ನು ಪಕ್ಕದೂರಿನ ಶಾಲೆಗೆ ಹಾಕಿದರು. ಆದರೂ ಎಪ್ಪತ್ತರ ಮೇಲೆ ಉಳಿದರು. ಆಯ್ಕೆ ಪರೀಕ್ಷೆಯಲ್ಲಿ ಮೊದಲು ಬಂದ ತ್ರಿಶಲಾಗೆ ಸದಲಗಾದ ಶಾಲೆಯ ವಿಶೇಷ ಕ್ಲಾಸಿನಲ್ಲಿ ಸೀಟು ಸಿಕ್ಕಿತು. ಊರಿಗೆಲ್ಲ ಪೇಢೆ ಹಂಚಿದ್ದೆ.

ಅಲ್ಲಿ ಕ್ಲಾಸು ಐದೂವರೆ ತನಕ. ಬಸ್ಸು ಊರು ಮುಟ್ಟುವಾಗ ಕತ್ತಲು. ಜೈನರ ಮನೆ — ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹುಡುಗಿ ಡಬ್ಬಿಯನ್ನು ಅಲ್ಲೇ ಮುಗಿಸುತ್ತಾಳೆ. ಆಯಿ? ಮೊಮ್ಮಗಳು ಎದುರು ಕೂರದೆ ಸಂಜೆಯ ತುತ್ತು ಎತ್ತಿದವಳೇ ಅಲ್ಲ. ಹಾದಿ ನೋಡುತ್ತಾಳೆ. ಹೊತ್ತು ಮುಳುಗುತ್ತದೆ. ತಾಟು ಒಳಗೆ ಹೋಗುತ್ತದೆ.

ನವೆಂಬರ್ 8, ಶನಿವಾರ

ಆಯಿಯ ಮನೆಗೆ ಹೋಗಿದ್ದೆ.

"ಬರ್ರಿ ಅಕ್ಕಾರ. ಹುಡುಗರ ಹಾಜರಿ ಮುಗೀತು, ಈಗ ಮುದುಕೇರ ಹಾಜರಿ ಏನ್ರಿ?"

"ಶುಗರ್ ಗುಳಿಗಿ ನುಂಗಿ ಉಪಾಸ ಇರಬಾರದು ಆಯಿ."

"ಒಬ್ಬಾಕಿನ ಕುಂತ್ರ ರೊಟ್ಟಿ ಗಂಟಲದಾಗ ಇಳಿಯಾಂಗಿಲ್ರಿ. ಆ ಹುಡುಗಿ ಕಿವೀಗೆ ಹಾಕಬ್ಯಾಡ್ರಿ ಮತ್ತ, ಕಲಿಯೂದು ಬಿಟ್ಟು ಬರತಾಳ."

ಹೇಳುವುದಿಲ್ಲ ಅಂದೆ.

ನವೆಂಬರ್ 13, ಗುರುವಾರ

ನಿನ್ನೆ ಸಂಜೆ ಆಯಿ ನಳದ ಹತ್ತಿರ ತಲೆ ತಿರುಗಿ ಬಿದ್ದಳು. ತ್ರಿಶಲಾಗೆ ಎಲ್ಲ ಗೊತ್ತಾಯಿತು. ಇವತ್ತು ಸದಲಗಾದ ಬಸ್ಸು ಹತ್ತದೆ ನಮ್ಮ ಶಾಲೆಯ ಬಾಗಿಲಲ್ಲಿ ನಿಂತಿದ್ದಳು.

"ಟೀಚರ, ನಾ ಇಲ್ಲೇ ಬರತೀನ್ರಿ."

ಹೆಡ್ ಮಾಸ್ತರ್ ನಾಮದೇವ ಸರ್ ಬೈದರು. "ಹುಚ್ಚಿ ಅದಿಯೇನಬೇ? ಸೀಟ ಬಿಟ್ಟಿ ಅಂದ್ರ ಮುಗೀತು. ಬೋರಗಾಂವದ ಹುಡುಗ ಕಾಯಾಕತ್ತಾನ."

"ಅವನ ಆಯಿ ಹೊತ್ತಿಗೆ ಉಣ್ಣತಾಳೇನೋ, ಹೋಗಲಿ ಬಿಡ್ರಿ ಸರ."

ಸರ್ ಆಫೀಸಿನ ಕಡೆ ಹೊರಟರು.

ಅವಳ ಅಪ್ಪ ಭಾವುಸಾಹೇಬ ಒಪ್ಪಿದ್ದಾನಂತೆ. ಆಯಿಗೆ ಮಾತ್ರ ಹೇಳಿಲ್ಲ. ಹೇಳಿದರೆ ಸೀಟು ಬಿಡಲು ಬಿಡುವುದಿಲ್ಲ. "ಎಲ್ಲಾ ಮುಗದ ಮ್ಯಾಲ, ತಾಟಿನ ಮುಂದ ಕುಂತ ಹೇಳತೀನ್ರಿ," ಅಂದಳು ತ್ರಿಶಲಾ.

ನವೆಂಬರ್ 15, ಶನಿವಾರ

ಸೀಟು ಬಿಟ್ಟಿದ್ದಾಯಿತು. ಬೋರಗಾಂವದ ಹುಡುಗ ಮಧ್ಯಾಹ್ನವೇ ಸೇರಿದ.

ನವೆಂಬರ್ 17, ಸೋಮವಾರ

ತ್ರಿಶಲಾ ಬಂದಿಲ್ಲ. ದುಂಡವ್ವ ಅನ್ನ ಬಡಿಸಿದಳು. ಆಮೇಲೆ ಸೌಟು ಕೆಳಗಿಟ್ಟು, ಮಕ್ಕಳೆಲ್ಲರ ಎದುರೇ ಹೇಳಿದಳು.

ಚಾತುರ್ಮಾಸ ಮುಗಿಸಿ ಹೊರಟ ಮುನಿಗಳು ಶನಿವಾರ ನಮ್ಮೂರ ಬಸದಿಯಲ್ಲಿ ತಂಗಿದ್ದರು. ಆಯಿ ಹೋಗಿ ಅವರ ಮುಂದೆ ನೇಮ ಹಿಡಿದಳು — ಜೀವ ಇರುವ ತನಕ ಒಪ್ಪತ್ತು. ದಿನಕ್ಕೆ ಒಂದೇ ಊಟ, ಅದೂ ಹಗಲು. ತನಗೆ ಸಂಜೆಯ ಊಟವೇ ಇಲ್ಲವಾದರೆ ಹುಡುಗಿ ಯಾರಿಗಾಗಿ ಕಲಿಯುವುದು ಬಿಟ್ಟಾಳು? ಅದು ಅವಳ ವಿಚಾರ.

ಆ ಸಂಜೆ, ಇನ್ನೂ ಬಿಸಿಲಿರುವಾಗ, ಹುಡುಗಿ ಎರಡು ತಾಟು ಇಟ್ಟಳಂತೆ. "ಆಯಿ, ಇನ್ನ ದಿನಾ ಕೂಡೇ ಉಣ್ಣೂಣು. ಸೀಟ ಬಿಟ್ಟ ಬಂದೀನಿ."

ಮುನಿಗಳ ಮುಂದೆ ಹಿಡಿದ ನೇಮ ಮುರಿಯುವಂತಿಲ್ಲ. ಬೇರೆಯವರಿಗೆ ಹೋದ ಸೀಟು ತಿರುಗಿ ಬರುವುದಿಲ್ಲ.

"ಇಬ್ರೂ ಅಳಲಿಲ್ಲಂತ್ರಿ," ಅಂದಳು ದುಂಡವ್ವ. "ಅತ್ತಿದ್ರ ಚಲೋ ಇತ್ತು."

ಸಾಲಿನಲ್ಲಿ ಕೂತ ಮಕ್ಕಳು ಉಣ್ಣುವುದನ್ನು ನಿಲ್ಲಿಸಿದ್ದರು.

ನವೆಂಬರ್ 18, ಮಂಗಳವಾರ

ಬೆಳಿಗ್ಗೆ ನಾನು ಹೋಗುವ ಮೊದಲೇ ಮಕ್ಕಳು ಬೆಂಚು ಸರಿಸಿದ್ದರು. ಮೂವರು ಕೂರುವಲ್ಲಿ ಐವರು ಒತ್ತಿಕೊಂಡು, ಹಿಂದೆ ಕಿಟಕಿಯ ಹತ್ತಿರ ಒಬ್ಬಳಿಗೆ ಜಾಗ ಮಾಡಿದ್ದರು.

"ಬಾ ಬೇ, ಕುಂದರ," ಅಂದಳು ಆ ಬೆಂಚಿನ ನೀಲಮ. ತ್ರಿಶಲಾ ಕೂತಳು.

ಭಿನ್ನರಾಶಿಯ ಲೆಕ್ಕ ಕೊಟ್ಟೆ. ಉಳಿದವರು ಇನ್ನೂ ಗೆರೆ ಹಾಕುತ್ತಿದ್ದರು. ಅವಳು ಮುಗಿಸಿದಳು. ಕೈಕಟ್ಟಿ ಹೊರಗೆ ನೋಡುತ್ತ ಕೂತಳು. ಬಹಳ ಹೊತ್ತು. ಬೇರೆಯದೇ ಒಂದು ಕಠಿಣ ಲೆಕ್ಕ ಕೊಡಬೇಕೆಂದು ಎದ್ದೆ. ಬೆಂಚುಗಳ ನಡುವೆ ಕಾಲಿಡಲು ಹಾದಿಯಿಲ್ಲ. "ಟೀಚರ, ನಂದು ನೋಡ್ರಿ..." "ಟೀಚರ, ನನಗ ಬರವಲ್ದು..." ಎಲ್ಲ ಕಡೆ ಕೈಗಳು. ಅವಳ ತನಕ ಹೋಗಲು ನನಗೆ ಆಗಲೇ ಇಲ್ಲ; ಆ ಕಠಿಣ ಲೆಕ್ಕ ನನ್ನಲ್ಲೇ ಉಳಿಯಿತು.